ಹಳೆಯ ಆಕ್ಟೇವಿಯಾ ಆರ್‌ಎಸ್‌ಗೆ ಸಸ್ಪೆನ್ಷನ್ ಬುಷ್ ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನಮ್ಮಲ್ಲಿಗೆ ಬಂದಿದ್ದು 2004ರಲ್ಲಿ. 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 150 ಕುದುರೆ. ಇವತ್ತು ಒಂದನ್ನು ಕೊಂಡವರು ಮೊದಲು ಕೇಳುವುದು ಟರ್ಬೊ ಬಗ್ಗೆ. ಆಮೇಲೆ ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿ ಪವರ್ ಏರಿಸುವುದರ ಬಗ್ಗೆ. ಬುಷ್ ನೆನಪಾಗುವುದು ಗಾಡಿ ತೊಟ್ಟಿಲಿನ ಹಾಗೆ ತೂಗಾಡಲು ಶುರು ಮಾಡಿದ ಮೇಲೆ. ನಾನೂ ಹಾಗೇ ಮಾಡಿದವನು. ನನ್ನದರಲ್ಲಿ ಮುಂದಿನ ಬುಷ್‌ಗಳನ್ನು ಎರಡು ಸಲ ಹಾಕಿದ್ದೇನೆ. ಎರಡನೇ ಸಲ ಯಾಕೆ ಹಾಕಬೇಕಾಯಿತು ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಬುಷ್ ಅಂದರೆ ಏನು? ಅದೊಂದು ರಬ್ಬರ್ ತುಂಡು ತಾನೇ?

ಒಳಗೊಂದು ಉಕ್ಕಿನ ಕೊಳವೆ, ಅದರ ಸುತ್ತ ದಪ್ಪ ರಬ್ಬರ್. ಹೆಚ್ಚಿನವುಗಳಲ್ಲಿ ಹೊರಗೆ ಲೋಹದ ಬಳೆಯೂ ಇರುತ್ತದೆ. ಕೊಳವೆಯೊಳಗೆ ಬೋಲ್ಟ್ ಹೋಗಿ ಗಾಡಿಯ ಸಬ್‌ಫ್ರೇಮ್‌ಗೆ, ಅಂದರೆ ಬಾಡಿ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಬಿಗಿಯುತ್ತದೆ. ಹೊರಗಿನ ಬಳೆ ಲೋವರ್ ಆರ್ಮ್, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ ಒಳಗೆ ಒತ್ತಿ ಕೂತಿರುತ್ತದೆ. ನಡುವಿನ ರಬ್ಬರ್ ಅನ್ನು ಕಾರ್ಖಾನೆಯಲ್ಲೇ ಲೋಹಕ್ಕೆ ಬೆಸೆದಿರುತ್ತಾರೆ.

ಅಂದರೆ ಇದು ಬೇರಿಂಗ್ ಥರ ತಿರುಗುವುದಿಲ್ಲ. ಒದ್ದೆ ಬಟ್ಟೆ ಹಿಂಡುವಾಗ ಆಗುವ ಹಾಗೆ ತಿರುಚಿಕೊಳ್ಳುತ್ತದೆ, ಮತ್ತೆ ವಾಪಸ್ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಉತ್ತರಗಳು ಇದರ ಮೇಲೇ ನಿಂತಿವೆ.

ಈ ಗಾಡಿಯಲ್ಲಿ ಯಾವ ಯಾವ ಬುಷ್ ಇವೆ?

ಮುಂದೆ ಒಂದೊಂದು ಕಡೆ ಒಂದೊಂದು ಲೋವರ್ ಆರ್ಮ್. ಪ್ರತಿ ಆರ್ಮ್‌ಗೆ ಎರಡು ಬುಷ್: ಮುಂಭಾಗದಲ್ಲಿ ಸಣ್ಣದು, ಹಿಂಭಾಗದಲ್ಲಿ ದೊಡ್ಡದು. ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳಿಗೆ ಆಂಟಿ ರೋಲ್ ಬಾರ್ ಅನ್ನುತ್ತಾರೆ, ಅದನ್ನು ಹಿಡಿದುಕೊಳ್ಳುವ ಬುಷ್ ಎರಡು. ಹಿಂದಿನ ಆಕ್ಸಲ್ ಒಂದೇ ತುಂಡಿನ ಟಾರ್ಶನ್ ಬೀಮ್, ಅಂದರೆ ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ. ಅದನ್ನು ಬಾಡಿಗೆ ಸೇರಿಸುವ ದೊಡ್ಡ ಬುಷ್ ಎರಡು.

ಇದು ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್, ಮೊದಲ ಆಡಿ ಟಿಟಿ ಇವುಗಳ ತಳಹದಿಯೇ. ಹಾಗಾಗಿ ಬಿಡಿಭಾಗಕ್ಕೆ ಅಂಥ ಬರವಿಲ್ಲ. ಆದರೆ ಇಲ್ಲಿ ಲಾರಾ ಅನ್ನುವ ಹೆಸರಲ್ಲಿ ಬಂದ ಎರಡನೇ ತಲೆಮಾರಿನ ಆಕ್ಟೇವಿಯಾ ಬೇರೆ ತಳಹದಿ. ಕೌಂಟರಿನಲ್ಲಿರುವವರು "ಎರಡೂ ಒಂದೇ ಸಾರ್" ಅಂದರೆ ನಂಬಬೇಡಿ.

ಬುಷ್ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಬ್ರೇಕ್ ಹಾಕಿ ನೋಡಿ. ಲೋವರ್ ಆರ್ಮ್‌ನ ಮುಂದಿನ ಸಣ್ಣ ಬುಷ್ ಒಂದು ಗೂಟದ ಹಾಗೆ. ಬ್ರೇಕ್ ಒತ್ತಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ಆರ್ಮ್ ಆ ಗೂಟದ ಸುತ್ತ ಹೊರಳಲು ನೋಡುತ್ತದೆ. ಅದನ್ನು ತಡೆಯುವುದು ಹಿಂದಿನ ದೊಡ್ಡ ಬುಷ್. ಅದು ಸೀಳಿದ್ದರೆ ಚಕ್ರದ ದಿಕ್ಕೇ ಸ್ವಲ್ಪ ಬದಲಾಗುತ್ತದೆ. ನಿಮ್ಮ ಕೈಗೆ ಗೊತ್ತಾಗುವುದು ಹೀಗೆ: ಬ್ರೇಕ್ ಒತ್ತಿದಾಗ ಒಂದು ಕಡೆ ಎಳೆತ, ಬಿಟ್ಟಾಗ ಇನ್ನೊಂದು ಕಡೆ ಸಣ್ಣ ಜಿಗಿತ. ಟರ್ಬೊ ಒತ್ತಡ ಏರುವಾಗಲೂ ಇದೇ ಕಥೆ. ಸ್ಟೀರಿಂಗ್ ಕೈಯಲ್ಲಿ ಹಾವಿನ ಹಾಗೆ ಹೊರಳುತ್ತದೆ. ಬಹಳ ಜನ ಇದನ್ನು "ಪವರ್ ಜಾಸ್ತಿ, ಅದಕ್ಕೇ" ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನೂ ಒಂದು ವರ್ಷ ಹೇಳಿಕೊಂಡಿದ್ದೆ.

ಇನ್ನೊಂದು ಪರೀಕ್ಷೆ: ಖಾಲಿ ಜಾಗದಲ್ಲಿ ನಿಧಾನವಾಗಿ ಮುಂದೆ ಹೋಗಿ ಗಟ್ಟಿ ಬ್ರೇಕ್, ಆಮೇಲೆ ರಿವರ್ಸ್‌ನಲ್ಲಿ ಗಟ್ಟಿ ಬ್ರೇಕ್. ಎರಡು ಸಲವೂ ಒಂದೊಂದು "ಢಕ್" ಬಂದರೆ ಅನುಮಾನ ಬಲವಾಗುತ್ತದೆ.

ಟೈರ್ ಕೂಡ ಸಾಕ್ಷಿ ಹೇಳುತ್ತದೆ. ಒಳಗಿನ ಅಂಚು ಮಾತ್ರ ಸವೆದಿದ್ದರೆ, ಅಲೈನ್‌ಮೆಂಟ್ ಮಾಡಿಸಿದ ಮೂರೇ ತಿಂಗಳಿಗೆ ಮತ್ತೆ ಹಾಗೇ ಆದರೆ, ಅಲೈನ್‌ಮೆಂಟ್ ಅಂಗಡಿಯವರನ್ನು ಬೈಯುವ ಮುಂಚೆ ಬುಷ್ ನೋಡಿ. ಗಾಡಿ ಕೆಳಗೆ ಟಾರ್ಚ್ ಹಿಡಿದು, ಒಂದು ಉದ್ದ ಸಲಾಕೆಯಿಂದ ಆರ್ಮ್ ಅನ್ನು ಮೆಲ್ಲಗೆ ಮೀಟಿ. ರಬ್ಬರ್ ಸ್ವಲ್ಪ ಬಾಗುವುದು ಸಹಜ. ಸೀಳು ಬಾಯಿ ಬಿಟ್ಟರೆ ಅಥವಾ ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದು ಕಂಡರೆ ಅಲ್ಲಿಗೆ ತೀರ್ಮಾನ. ಒಂದು ಎಚ್ಚರಿಕೆ ಏನೆಂದರೆ, ದೊಡ್ಡ ಬುಷ್‌ನಲ್ಲಿ ಹುಟ್ಟಿನಿಂದಲೇ ಎರಡು ಖಾಲಿ ಕಿಂಡಿಗಳಿರುತ್ತವೆ. ಅದನ್ನೇ ತೋರಿಸಿ "ಹರಿದು ಹೋಗಿದೆ ನೋಡಿ ಸಾರ್" ಅನ್ನುವವರಿದ್ದಾರೆ. ನುಣುಪಾದ ಅಂಚಿದ್ದರೆ ಅದು ಕಿಂಡಿ. ಚಿಂದಿ ಅಂಚಿದ್ದರೆ ಅದು ಹರಿದದ್ದು.

ಟಕ್ ಟಕ್ ಸದ್ದು ಬರುತ್ತಿದೆ. ಅದೂ ಬುಷ್ಷಾ?

ಇರಬಹುದು, ಇಲ್ಲದೆಯೂ ಇರಬಹುದು. ಸದ್ದು ಯಾವಾಗ ಬರುತ್ತದೆ ಅನ್ನುವುದರ ಮೇಲೆ ಹೋಗುತ್ತದೆ.

ನಿಧಾನವಾಗಿ ಸಣ್ಣ ಸಣ್ಣ ಉಬ್ಬುತಗ್ಗಿನಲ್ಲಿ ಟಕ ಟಕ ಅಂದರೆ ಮೊದಲು ಲಿಂಕ್ ರಾಡ್ (ಆಂಟಿ ರೋಲ್ ಬಾರ್ ತುದಿಗೆ ಸೇರುವ ಸಣ್ಣ ಸರಳು), ಆಮೇಲೆ ಆಂಟಿ ರೋಲ್ ಬಾರ್ ಬುಷ್. ಇವೆರಡೂ ಅಗ್ಗ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ನರಳಿದ ಹಾಗೆ "ಟೊಂಯ್" ಅಂದರೆ ಶಾಕ್ ಅಬ್ಸಾರ್ಬರ್ ತಲೆಯ ಮೌಂಟ್ ಮತ್ತು ಅದರ ಬೇರಿಂಗ್. ಗೇರ್ ಬದಲಿಸಿ ಕ್ಲಚ್ ಬಿಟ್ಟಾಗ ಮಾತ್ರ ಢಕ್ ಅಂದರೆ ಅದು ಸಸ್ಪೆನ್ಷನ್ನೇ ಅಲ್ಲ, ಎಂಜಿನ್ ಕೆಳಗಿನ ಮೌಂಟ್. ನಾಯಿ ಮೂಳೆಯ ಆಕಾರ ಇರುವುದರಿಂದ ಅದಕ್ಕೆ ಡಾಗ್ ಬೋನ್ ಅಂತಲೇ ಹೆಸರು. ದೊಡ್ಡ ಗುಂಡಿಗೆ ಬಿದ್ದಾಗ ಹಿಂದಿನಿಂದ ಮಂದವಾದ ಧಡ್ ಬಂದರೆ ಹಿಂದಿನ ಬೀಮ್ ಬುಷ್ ಅಥವಾ ಶಾಕ್.

ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು?

ಕಿಲೋಮೀಟರ್ ಲೆಕ್ಕ ಇಲ್ಲಿ ಸುಳ್ಳು ಹೇಳುತ್ತದೆ. ರಬ್ಬರ್‌ಗೆ ವಯಸ್ಸೂ ಆಗುತ್ತದೆ. ಬಿಸಿಲು, ಗಾಳಿಯಲ್ಲಿರುವ ಓಜೋನ್, ಎಂಜಿನ್ ಬಿಸಿ ಎಲ್ಲಾ ಸೇರಿ ಒಣಗಿಸಿ ಬಿರುಕು ಬಿಡಿಸುತ್ತವೆ. ಶೆಡ್ಡಿನಲ್ಲಿ ನಿಂತೇ ಇದ್ದ 40,000 ಕಿ.ಮೀ. ಗಾಡಿಯ ಬುಷ್ ಕೂಡ 20 ವರ್ಷಕ್ಕೆ ಬಿಸ್ಕತ್ ಆಗಿರುತ್ತದೆ. ಗಾಡಿ ಕೊಂಡಾಗ ಬುಷ್ ಹಾಕಿಸಿದ ಬಿಲ್ ಇಲ್ಲದಿದ್ದರೆ, ಹಾಕಿಸಿಲ್ಲ ಅಂತಲೇ ಇಟ್ಟುಕೊಳ್ಳಿ.

ಮೇಲಿನಿಂದ ಆಯಿಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಎಣ್ಣೆ ಬಿದ್ದರೆ ಈ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಒಂದೇ ಕಡೆ ಹಾಕಿದರೆ ಸಾಲದಾ?

ಸಾಲದು. ಎರಡೂ ಕಡೆ ಒಟ್ಟಿಗೆ.

ಬುಷ್ ಮಾತ್ರ ಹಾಕಿಸಲಾ, ಇಡೀ ಆರ್ಮ್ ಹಾಕಿಸಲಾ?

ಎರಡಕ್ಕೂ ನ್ಯಾಯ ಇದೆ. ಆರ್ಮ್ ಬಾಗಿಲ್ಲ, ತುಕ್ಕು ಹಿಡಿದಿಲ್ಲ ಅಂದರೆ ಬುಷ್ ಮಾತ್ರ ಪ್ರೆಸ್ ಮಾಡಿಸುವುದು ಸಾಕು. ಹತ್ತಿರದ ಲೇತ್ ಅಂಗಡಿಯಲ್ಲಿ ಹೈಡ್ರಾಲಿಕ್ ಪ್ರೆಸ್ ಇದ್ದರೆ ಸ್ವಲ್ಪ ಹೊತ್ತಿನ ಕೆಲಸ.

ಆದರೆ ಸುತ್ತಿಗೆಯಿಂದ ಬಡಿದು ಕೂರಿಸಲು ಬಿಡಬೇಡಿ. ಬಳೆ ಸೊಟ್ಟಗಾಗುತ್ತದೆ, ಬೆಸುಗೆ ಬಿಡುತ್ತದೆ. ಇನ್ನೊಂದು ವಿಷಯ, ದೊಡ್ಡ ಬುಷ್ ಯಾವ ಕಡೆಗೆ ಮುಖ ಮಾಡಿ ಕೂರಬೇಕು ಅನ್ನುವುದಕ್ಕೆ ಅದರ ಮೇಲೆ ಗುರುತು ಇರುತ್ತದೆ. ಕಿಂಡಿಗಳ ದಿಕ್ಕು ತಪ್ಪಿದರೆ ಮೆತ್ತಗಿರಬೇಕಾದ ಕಡೆ ಗಟ್ಟಿ, ಗಟ್ಟಿ ಇರಬೇಕಾದ ಕಡೆ ಮೆತ್ತಗೆ. ಹಳೆಯದನ್ನು ತೆಗೆಯುವ ಮುಂಚೆ ಫೋನಿನಲ್ಲಿ ಫೋಟೊ ಹೊಡೆದುಕೊಳ್ಳಿ. ಲೇತ್‌ನವರಿಗೆ ಆ ಫೋಟೊ ತೋರಿಸಿ, ಪಕ್ಕದಲ್ಲೇ ನಿಂತಿರಿ.

ಆರ್ಮ್‌ನ ಹೊರ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು, ಅಂದರೆ ಕೆಳಗಿನ ಬಾಲ್ ಜಾಯಿಂಟ್, ಈ ಗಾಡಿಯಲ್ಲಿ ಆರ್ಮ್‌ಗೆ ಮೂರು ಬೋಲ್ಟ್‌ಗಳಲ್ಲಿ ಕೂತಿರುತ್ತದೆ, ಬೇರೆಯಾಗಿಯೇ ಸಿಗುತ್ತದೆ. ಆ ತೂತುಗಳು ಸ್ವಲ್ಪ ಉದ್ದಕ್ಕಿವೆ. ಬಿಚ್ಚುವ ಮುಂಚೆ ಪೇಂಟ್‌ನಲ್ಲಿ ಗೆರೆ ಎಳೆದುಕೊಂಡರೆ ಮತ್ತೆ ಅದೇ ಜಾಗದಲ್ಲಿ ಕೂರಿಸಬಹುದು. ಇಲ್ಲದಿದ್ದರೆ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಹೋಯಿತು.

ರಬ್ಬರ್ ಒಳ್ಳೆಯದಾ, ಪಾಲಿಯುರೆಥೇನ್ ಒಳ್ಳೆಯದಾ?

ಅತಿ ಹೆಚ್ಚು ಜಗಳ ಆಗುವ ಪ್ರಶ್ನೆ ಇದು. ನನ್ನ ಪಕ್ಷ ಮೊದಲೇ ಹೇಳಿಬಿಡುತ್ತೇನೆ: ದಿನಾ ಓಡಿಸುವ ಗಾಡಿಗೆ ರಬ್ಬರ್.

ಪಾಲಿಯುರೆಥೇನ್, ಅಂದರೆ ಪ್ಲಾಸ್ಟಿಕ್ ಜಾತಿಯ ವಸ್ತು. ಚಿಕ್ಕದಾಗಿ ಪಾಲಿ. ಅದು ಗಟ್ಟಿ. ಬೀದಿ ಗಾಡಿಗೆ ಸಿಗುವ ಪಾಲಿ ಬುಷ್‌ಗಳು ಸಾಮಾನ್ಯವಾಗಿ ಗಟ್ಟಿತನದ ಶೋರ್ ಎ ಅಳತೆಯಲ್ಲಿ 80ರಿಂದ 95ರ ನಡುವೆ ಇರುತ್ತವೆ. ಕಂಪನಿ ರಬ್ಬರ್ ಅದಕ್ಕಿಂತ ಎಷ್ಟೋ ಮೆತ್ತಗೆ. ಗಟ್ಟಿ ಆದ್ದರಿಂದ ಸ್ಟೀರಿಂಗ್ ಚುರುಕಾಗುತ್ತದೆ, ಅದು ನಿಜ. ಆದರೆ ಪಾಲಿ ತಿರುಚಿಕೊಳ್ಳುವುದಿಲ್ಲ, ಕೊಳವೆಯ ಸುತ್ತ ಜಾರುತ್ತದೆ. ಜಾರಬೇಕೆಂದರೆ ಗ್ರೀಸ್ ಬೇಕು. ಒಂದು ಮಳೆಗಾಲ ಕಳೆದು ಗ್ರೀಸ್ ತೊಳೆದು ಹೋದರೆ ಕಿರ್ ಕಿರ್ ಶುರು. ಇನ್ನು ನಮ್ಮ ರಸ್ತೆ. ಬೆಂಗಳೂರಿನ ಯಾವುದೇ ಫ್ಲೈಓವರ್ ಹತ್ತಿದರೆ ಜಾಯಿಂಟ್ ಮೇಲೆ ಜಾಯಿಂಟ್. ರಬ್ಬರ್ ನುಂಗಬೇಕಾದ ಪೆಟ್ಟನ್ನು ಪಾಲಿ ಹಾಗೇ ಸಬ್‌ಫ್ರೇಮ್‌ಗೆ ದಾಟಿಸುತ್ತದೆ, ಅಲ್ಲಿಂದ ನಿಮ್ಮ ಸೊಂಟಕ್ಕೆ.

ನಡುವಿನ ದಾರಿಯೊಂದಿದೆ. ಅದು ನನಗೆ ಬಹಳ ಇಷ್ಟ. ಆಡಿ ಟಿಟಿಯಲ್ಲಿ ಬಳಸಿದ, ಕಿಂಡಿ ಇಲ್ಲದ ಗಟ್ಟಿ ರಬ್ಬರಿನ ದೊಡ್ಡ ಬುಷ್ ಈ ಆರ್ಮ್‌ಗೂ ಕೂರುತ್ತದೆ. ರಬ್ಬರೇ ಆದ್ದರಿಂದ ಗ್ರೀಸ್ ರಗಳೆ ಇಲ್ಲ, ಕಿಂಡಿ ಇಲ್ಲದ್ದರಿಂದ ಬ್ರೇಕ್‌ನಲ್ಲಿ ಆರ್ಮ್ ಹೊರಳುವುದು ಕಡಿಮೆ. ಈ ತಳಹದಿಯ ಗಾಡಿ ಇಟ್ಟುಕೊಂಡವರು ಪ್ರಪಂಚದ ಎಲ್ಲಾ ಕಡೆ ಮಾಡುವ ಬದಲಾವಣೆ ಇದು. ಮುಂದಿನ ಸಣ್ಣದಕ್ಕೆ ಮಾಮೂಲಿ ರಬ್ಬರ್, ಹಿಂದಿನ ದೊಡ್ಡದಕ್ಕೆ ಟಿಟಿಯದು. ಚಾರ್ಮಾಡಿ ತಿರುವುಗಳಲ್ಲಿ ಬ್ರೇಕ್ ಹಾಕಿ ತಿರುಗಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ಟ್ರ್ಯಾಕ್‌ಗೆ ಮಾತ್ರ ಒಯ್ಯುವ ಗಾಡಿ ಅಂದರೆ ಪಾಲಿ ಹಾಕಿಸಿ, ತಕರಾರಿಲ್ಲ.

ಮನೆಯಲ್ಲೇ ಮಾಡಬಹುದಾ?

ಮುಂದಿನ ಆರ್ಮ್ ಬಿಚ್ಚಿ ಹಾಕುವುದು ಮಾಡಬಹುದು. ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ರೆಂಚ್, ಒಳ್ಳೆಯ ಸಾಕೆಟ್ ಸೆಟ್, ಉದ್ದ ಹಿಡಿಕೆ, ಎರಡು ಆಕ್ಸಲ್ ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್ ಬದಲು ಹಾಲೋ ಬ್ಲಾಕ್ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಸೂಚನೆ ಕೊಡದೆ ಪುಡಿಯಾಗುತ್ತದೆ. ಡಿಕ್ಕಿಯಲ್ಲಿ ಬಂದ ಕತ್ತರಿ ಜ್ಯಾಕ್ ನಂಬಿಕೊಂಡು ಗಾಡಿ ಕೆಳಗೆ ತಲೆ ಹಾಕುವುದೂ ಬೇಡ.

ಹಿಂದಿನ ದಿನ ರಾತ್ರಿಯೇ ಬೋಲ್ಟ್‌ಗಳಿಗೆ ಡಬ್ಲ್ಯೂಡಿ-40 ಹೊಡೆದಿಡಿ, ಬುಷ್‌ಗೆ ತಾಗದ ಹಾಗೆ. ಚಕ್ರ ಬಿಚ್ಚಿ, ಲಿಂಕ್ ರಾಡ್ ಬಿಡಿಸಿ, ಬಾಲ್ ಜಾಯಿಂಟ್‌ನ ಮೂರು ಬೋಲ್ಟ್ ತೆಗೆದು, ಆಮೇಲೆ ಆರ್ಮ್‌ನ ಎರಡು ದೊಡ್ಡ ಬೋಲ್ಟ್. ಎಡಗಡೆ ಮುಂದಿನ ಬೋಲ್ಟ್ ಕೆಲವು ಗಾಡಿಗಳಲ್ಲಿ ಪೂರ್ತಿ ಹೊರಗೆ ಬರುವುದಿಲ್ಲ, ಗೇರ್‌ಬಾಕ್ಸ್ ಅಡ್ಡ ಬರುತ್ತದೆ. ಗಾಬರಿ ಬೇಡ. ಡಾಗ್ ಬೋನ್ ಮೌಂಟ್ ಬಿಡಿಸಿ ಎಂಜಿನ್ ಅನ್ನು ಸ್ವಲ್ಪ ಮುಂದಕ್ಕೆ ಒತ್ತಿದರೆ ಜಾಗ ಸಿಗುತ್ತದೆ.

ಮೊದಲ ಸಲ ಅಂದರೆ ಒಂದು ಕಡೆಗೆ ಅರ್ಧ ದಿನ ಇಟ್ಟುಕೊಳ್ಳಿ. ಎರಡನೇ ಕಡೆ ಬೇಗ ಆಗುತ್ತದೆ.

ಎಂಟೇ ತಿಂಗಳಿಗೆ ಹೊಸ ಬುಷ್ ಹರಿದು ಹೋಯಿತು. ಡೂಪ್ಲಿಕೇಟ್ ಇರಬಹುದಾ?

ಇರಬಹುದು. ಆದರೆ ಹಾಕಿದ ರೀತಿ ತಪ್ಪಿರುವ ಸಾಧ್ಯತೆ ಇನ್ನೂ ಜಾಸ್ತಿ. ನನಗೆ ಆಗಿದ್ದೂ ಇದೇ.

ಮೊದಲ ಸಲ ನಾನು ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಚೊಕ್ಕ ಜಾಗ, ಎರಡು ಕಂಬದ ಲಿಫ್ಟ್, ಹೊಸ ಏರ್ ಗನ್. ಗಾಡಿ ಮೇಲೆತ್ತಿ, ನಾಲ್ಕೂ ಚಕ್ರ ಜೋತಾಡುತ್ತಿರುವಾಗಲೇ ಎಲ್ಲಾ ಬೋಲ್ಟ್‌ಗಳನ್ನು ಗನ್ನಿನಲ್ಲಿ ಪೂರ್ತಿ ಬಿಗಿದರು. ಆಮೇಲೆ ಕೆಳಗಿಳಿಸಿದರು. ನಾನು ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿದ್ದೆ. ತಪ್ಪು ಅಂತ ನನಗೂ ಗೊತ್ತಾಗಲಿಲ್ಲ.

ಏನಾಯಿತು ನೋಡಿ. ಬೋಲ್ಟ್ ಬಿಗಿಯಾದ ಕ್ಷಣದಿಂದ ಒಳಗಿನ ಕೊಳವೆ ಸಬ್‌ಫ್ರೇಮ್‌ಗೆ ಕಚ್ಚಿಕೊಳ್ಳುತ್ತದೆ. ಆರ್ಮ್ ಆಗ ಯಾವ ಕೋನದಲ್ಲಿದೆಯೋ ಅದೇ ರಬ್ಬರ್ ಪಾಲಿಗೆ ಆರಾಮದ ಜಾಗ. ಚಕ್ರ ಜೋತಾಡುವಾಗ ಆರ್ಮ್ ಕೆಳಗೆ ಬಾಗಿರುತ್ತದೆ. ಗಾಡಿ ನೆಲಕ್ಕೆ ಇಳಿದಾಗ ಚಕ್ರ 8 ಸೆಂಟಿಮೀಟರ್ ಮೇಲೆ ಬಂತು ಅಂದುಕೊಳ್ಳಿ, ಆರ್ಮ್ ಉದ್ದ 35 ಸೆಂಟಿಮೀಟರ್ ಅಂದುಕೊಳ್ಳಿ. ಅಂದರೆ ಬುಷ್ ಹೆಚ್ಚು ಕಡಿಮೆ 13 ಡಿಗ್ರಿ ತಿರುಚಿಕೊಂಡಿದೆ, ಅದೂ ಗಾಡಿ ಸುಮ್ನೆ ನಿಂತಿರುವಾಗ. ರಾತ್ರಿಯೆಲ್ಲಾ ಹಾಗೇ ಹಿಂಡಿಕೊಂಡು ಇರುತ್ತದೆ. ಬೆಳಿಗ್ಗೆ ಹಂಪ್ ಹಾರಿಸಿದಾಗ ಅದರ ಮೇಲೆ ಇನ್ನೂ ತಿರುಚು. ರಬ್ಬರ್ ಎಷ್ಟು ದಿನ ತಡೆದೀತು? ಜೊತೆಗೆ ಗಾಡಿಯ ಮುಂಭಾಗ ಒಂಚೂರು ಎತ್ತರ ನಿಲ್ಲುತ್ತದೆ, ಸವಾರಿ ಒರಟಾಗುತ್ತದೆ. "ಹೊಸ ಬುಷ್ ಅಲ್ವಾ, ಟೈಟಾಗಿದೆ" ಅಂತ ನಾವೇ ಸಮಾಧಾನ ಮಾಡಿಕೊಳ್ಳುತ್ತೇವೆ.

ಸರಿಯಾದ ಕ್ರಮ ಇಷ್ಟೇ. ಕೆಲಸ ಶುರು ಮಾಡುವ ಮುಂಚೆ, ಗಾಡಿ ಸಮ ನೆಲದ ಮೇಲೆ ನಿಂತಿರುವಾಗ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆದು ಬರೆದುಕೊಳ್ಳಿ. ಆರ್ಮ್ ಹಾಕುವಾಗ ಬೋಲ್ಟ್‌ಗಳನ್ನು ಕೈಯಲ್ಲಿ ಮಾತ್ರ ತಿರುಗಿಸಿ ಬಿಡಿ. ಆಮೇಲೆ ಚಕ್ರ ಕೂರುವ ಹಬ್ ಕೆಳಗೆ ಜ್ಯಾಕ್ ಕೊಟ್ಟು ಅದೇ ಅಳತೆ ಬರುವ ತನಕ ಎತ್ತಿ. ಆಗ ಬಿಗಿಯಿರಿ. ಇಲ್ಲೊಂದು ತೊಡಕಿದೆ. ಒಂದೇ ಕಡೆ ಎತ್ತಿದರೆ ಅಳತೆ ಬರುವ ಮುಂಚೆಯೇ ಗಾಡಿ ಸ್ಟ್ಯಾಂಡ್ ಬಿಟ್ಟು ಮೇಲೇಳಬಹುದು. ಎದ್ದರೆ ಅಲ್ಲಿಗೆ ನಿಲ್ಲಿಸಿ.

ಅದಕ್ಕಿಂತ ಸುಲಭ, ಪಿಟ್ ಇರುವ ಹಳೇ ಕಾಲದ ಗ್ಯಾರೇಜ್ ಹುಡುಕುವುದು. ಗಾಡಿ ತನ್ನ ಚಕ್ರದ ಮೇಲೇ ನಿಂತಿರುತ್ತದೆ, ಮೆಕ್ಯಾನಿಕ್ ಕೆಳಗೆ ನಿಂತು ಬಿಗಿಯುತ್ತಾರೆ. ಅಲೈನ್‌ಮೆಂಟ್ ಮಾಡುವ ನಾಲ್ಕು ಕಂಬದ ಲಿಫ್ಟ್ ಆದರೂ ಆಗುತ್ತದೆ. ಈ ಒಂದು ಕೆಲಸಕ್ಕೆ ಎಣ್ಣೆ ಮೆತ್ತಿದ ಪಿಟ್ ಮುಂದೆ ಆ ಚೊಕ್ಕ ಲಿಫ್ಟ್ ಏನೇನೂ ಅಲ್ಲ.

ಪಾಲಿ ಬುಷ್‌ಗೆ ಈ ನಿಯಮ ಇಲ್ಲ, ಅದು ಜಾರುತ್ತದಲ್ಲ.

ಹಳೇ ಬೋಲ್ಟ್‌ಗಳನ್ನೇ ಹಾಕಬಹುದಾ?

ಬೇಡ. ಆರ್ಮ್ ಹಿಡಿಯುವ ದೊಡ್ಡ ಬೋಲ್ಟ್‌ಗಳು ಒಂದೇ ಸಲ ಬಳಸುವಂಥವು. 70 ನ್ಯೂಟನ್ ಮೀಟರ್‌ಗೆ ಬಿಗಿದು, ಆಮೇಲೆ ಇನ್ನೂ 90 ಡಿಗ್ರಿ ತಿರುಗಿಸಬೇಕು. ಆ ಕೊನೆಯ ಕಾಲು ಸುತ್ತಿನಲ್ಲಿ ಬೋಲ್ಟ್ ಸ್ವಲ್ಪ ಹಿಗ್ಗುತ್ತದೆ. ಒಮ್ಮೆ ಹಿಗ್ಗಿದ್ದನ್ನು ಮತ್ತೆ ನಂಬುವ ಹಾಗಿಲ್ಲ. ಬಾಲ್ ಜಾಯಿಂಟ್‌ನ ಮೂರಕ್ಕೆ 20 ನ್ಯೂಟನ್ ಮೀಟರ್, ಮೇಲೆ 90 ಡಿಗ್ರಿ. ಚಕ್ರದ ಬೋಲ್ಟ್ 120. ಇಡೀ ಖರ್ಚಿನಲ್ಲಿ ಹೊಸ ಬೋಲ್ಟ್‌ಗಳದ್ದು ಚಿಲ್ಲರೆ ದುಡ್ಡು.

ಬುಷ್ ಕೂರಿಸುವಾಗ ಗ್ರೀಸ್ ಹಚ್ಚಬೇಕಾ?

ಮಾಮೂಲಿ ಗ್ರೀಸ್, ಎಂಜಿನ್ ಆಯಿಲ್, ಡೀಸೆಲ್ ಯಾವುದೂ ರಬ್ಬರ್‌ಗೆ ಬೇಡ. ಜಾರಲು ಸೋಪಿನ ನೀರು ಸಾಕು, ಒಣಗಿದ ಮೇಲೆ ಕಚ್ಚಿ ಹಿಡಿಯುತ್ತದೆ. ಪಾಲಿಗೆ ಅದರ ಡಬ್ಬದಲ್ಲೇ ಬರುವ ಗ್ರೀಸ್.

ಹಿಂದಿನ ಬೀಮ್ ಬುಷ್ ಕೂಡ ಬದಲಿಸಬೇಕಾ?

ತಿರುವಿನ ನಡುವೆ ಗುಂಡಿ ಸಿಕ್ಕಾಗ ಹಿಂಭಾಗ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟ ಹಾಗೆ ಅನಿಸಿದರೆ ಹೌದು. ಆದರೆ ಇದು ಮನೆ ಕೆಲಸ ಅಲ್ಲ. ಬೀಮ್ ಇಳಿಸಬೇಕು, ಹ್ಯಾಂಡ್ ಬ್ರೇಕ್ ಕೇಬಲ್ ಮತ್ತು ಬ್ರೇಕ್ ಪೈಪ್ ಮೇಲೆ ಕಣ್ಣಿಡಬೇಕು, ಬುಷ್ ಎಳೆಯಲು ಅದರದೇ ಪುಲ್ಲರ್ ಬೇಕು.

ಇಲ್ಲಿ ಪಾಲಿ ಹಾಕಿಸಲು ಹೋಗಬೇಡಿ ಅನ್ನುತ್ತೇನೆ. ಕಾರಣ ಬರೀ ಸದ್ದಲ್ಲ. ಸ್ಕೋಡಾದ ಮಾಲೀಕ ಕಂಪನಿ ಫೋಕ್ಸ್‌ವ್ಯಾಗನ್‌ನವರು ಈ ಬುಷ್‌ಗಳನ್ನು ಬೇಕೆಂದೇ ಓರೆಯಾಗಿ ಕೂರಿಸಿದ್ದಾರೆ. ತಿರುವಿನಲ್ಲಿ ಪಕ್ಕದ ಒತ್ತಡ ಬಿದ್ದಾಗ ಬೀಮ್ ಹೊರಗಡೆಗೆ ಹೊರಳಿಕೊಳ್ಳಲು ನೋಡುತ್ತದೆ. ಓರೆ ಬುಷ್ ಅದನ್ನು ತಾನೇ ತಾನಾಗಿ ತಿದ್ದಿ ಹಿಂದಿನ ಚಕ್ರವನ್ನು ದಾರಿಯಲ್ಲಿ ಇಡುತ್ತದೆ. ಅದಕ್ಕೆ ರಬ್ಬರಿನ ಮೆತ್ತನೆ ಗುಣ ಬೇಕೇ ಬೇಕು. ಗಟ್ಟಿ ಮಾಡಿದರೆ ಆ ಜಾಣತನ ಹೋಗುತ್ತದೆ.

ಅಲೈನ್‌ಮೆಂಟ್ ಮಾಡಿಸಲೇಬೇಕಾ?

ಮಾಡಿಸಲೇಬೇಕು. ನೂರಿನ್ನೂರು ಕಿಲೋಮೀಟರ್ ಓಡಿಸಿ, ಬುಷ್ ತನ್ನ ಜಾಗಕ್ಕೆ ಕೂತ ಮೇಲೆ. ಸ್ಟೀರಿಂಗ್ ತೀರಾ ಸೊಟ್ಟಗಿದ್ದರೆ ತಕ್ಷಣವೇ.

ಕಾಯಿಲ್‌ಓವರ್ ಹಾಕಿಸಬೇಕು ಅಂತಿದ್ದೇನೆ. ಬುಷ್ ಆಮೇಲೆ ನೋಡಿದರೆ ಆಗಲ್ವಾ?

ಕಾಯಿಲ್‌ಓವರ್ ಅಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಜೋಡಿ. ಬುಷ್ ಬಿಟ್ಟು ಅದನ್ನು ಹಾಕಿಸಿದರೆ ಕುಸಿಯುತ್ತಿರುವ ಗೋಡೆಗೆ ಬಣ್ಣ ಬಳಿದ ಹಾಗಾಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದಷ್ಟೂ ಸತ್ತ ಬುಷ್ ಮೇಲೆ ಭಾರ ಜಾಸ್ತಿ. ಮೊದಲು ಬುಷ್ ಹಾಕಿಸಿ ಒಂದು ವಾರ ಓಡಿಸಿ ನೋಡಿ. ಕಾಯಿಲ್‌ಓವರ್ ಆಸೆ ಅರ್ಧ ಇಳಿದಿರುತ್ತದೆ.

ಗಾಡಿ ತಗ್ಗಿಸುವುದೇ ಖಚಿತ ಅಂದರೆ ಎರಡನ್ನೂ ಒಟ್ಟಿಗೆ ಮಾಡಿಸಿ. ಈಗಾಗಲೇ ಬುಷ್ ಹಾಕಿಸಿ ಆಮೇಲೆ ತಗ್ಗಿಸಿದರೆ ಆರ್ಮ್‌ನ ಕೋನ ಬದಲಾಗುತ್ತದೆ. ಹೊಸ ಎತ್ತರದಲ್ಲಿ ಬೋಲ್ಟ್ ಸಡಿಲಿಸಿ, ಹೊಸ ಬೋಲ್ಟ್ ಹಾಕಿ, ಮತ್ತೆ ಬಿಗಿಯಬೇಕು.

ಬುಷ್ ಎಲ್ಲಿ ಸಿಗುತ್ತದೆ? ಅಸಲಿ ಅಂತ ಹೇಗೆ ನಂಬುವುದು?

ಬೆಂಗಳೂರಿನಲ್ಲಾದರೆ ಜೆ.ಸಿ. ರೋಡ್ ಸುತ್ತಿದರೆ ಸಿಗಬಹುದು, ಇಲ್ಲವಾದರೆ ಆನ್‌ಲೈನ್. ಲೆಮ್‌ಫೋರ್ಡರ್, ಮೈಲೆ, ಫೆಬಿ ಇವು ನೋಡಬಹುದಾದ ಹೆಸರುಗಳು. ಶಿವಾಜಿನಗರದ ಗುಜರಿಯಲ್ಲಿ ಆರ್ಮ್ ತಗೊಳ್ಳಿ, ಬುಷ್ ತಗೋಬೇಡಿ. ಬಿಚ್ಚಿದ ಬುಷ್ ಅಂದರೆ ಬೇರೆಯವರ ಸವೆದ ಚಪ್ಪಲಿ.

ಡಬ್ಬ ನೋಡಿ ನಂಬಬೇಡಿ, ರಬ್ಬರ್ ನೋಡಿ. ಅಚ್ಚಿನ ಅಂಚು ಚೊಕ್ಕವಾಗಿರಬೇಕು, ಲೋಹಕ್ಕೆ ಅಂಟಿದ ಜಾಗದಲ್ಲಿ ಸಂದು ಇರಬಾರದು, ಉಗುರಿನಿಂದ ಒತ್ತಿದರೆ ಗುಳಿ ಬಿದ್ದು ತಕ್ಷಣ ವಾಪಸ್ ಬರಬೇಕು. ತಯಾರಾದ ದಿನಾಂಕ ಅಚ್ಚಾಗಿದ್ದರೆ ಓದಿ. ಹತ್ತು ವರ್ಷ ಕಪಾಟಿನಲ್ಲಿ ಕೂತ ಅಸಲಿ ಬುಷ್‌ಗೂ ಹತ್ತು ವರ್ಷ ವಯಸ್ಸಾಗಿರುತ್ತದೆ.

ತೆಗೆದ ಹಳೇ ಆರ್ಮ್ ಗುಜರಿಗೆ ಹಾಕಲಾ?

ಬೇಡ, ಬಾಗಿಲ್ಲದಿದ್ದರೆ ಇಟ್ಟುಕೊಳ್ಳಿ. ತುಕ್ಕು ಉಜ್ಜಿ, ಪೇಂಟ್ ಹೊಡೆದು, ಸುತ್ತಿಡಿ. ಬುಷ್ ಮಾತ್ರ ಈಗಲೇ ಹಾಕಿಸಬೇಡಿ. ಮುಂದೆ ಬೇಕಾದಾಗ ಹೊಸ ಬುಷ್ ತಂದು ಪುರುಸೊತ್ತಿನಲ್ಲಿ ಪ್ರೆಸ್ ಮಾಡಿಸಿ ಇಟ್ಟರೆ, ಗಾಡಿ ನಿಲ್ಲಿಸದೆ ಅರ್ಧ ದಿನದಲ್ಲಿ ಅದಲು ಬದಲು ಮಾಡಬಹುದು. ನನ್ನ ಹಳೇ ಆರ್ಮ್ ಜೋಡಿ ಅಟ್ಟದ ಮೇಲೆ, ಹಳೇ ಬೆಡ್‌ಶೀಟ್‌ನಲ್ಲಿ ಸುತ್ತಿದ್ದು, ದೀಪಾವಳಿ ಪಟಾಕಿ ಡಬ್ಬದ ಪಕ್ಕದಲ್ಲಿದೆ. ಮನೆಯವರು ಪ್ರತಿ ಹಬ್ಬಕ್ಕೂ ಅದನ್ನು ಯಾವಾಗ ಬಿಸಾಡುತ್ತೀರಿ ಅಂತ ಕೇಳುತ್ತಾರೆ.